ಕಿವಿ ಅಕ್ಕನ ಇಪ್ಪತ್ತೊಂದು ದಿನ

ಹೆರಿಗೆ ಆಸ್ಪತ್ರೆಯ ಹಿಂಭಾಗದಲ್ಲಿ, ಮೆಟ್ಟಿಲಿನ ಕೆಳಗೆ ಒಂದು ಬಾಗಿಲಿದೆ. ಹಿಂದೆ ಅದು ಒಗೆದ ಹಾಸಿಗೆ ಬಟ್ಟೆ ಜೋಡಿಸಿಡುವ ಕೋಣೆಯಾಗಿತ್ತಂತೆ. ಈಗ ಅದರ ನಾಲ್ಕೂ ಗೋಡೆಗೆ ಉಬ್ಬುತಗ್ಗಿನ ಬೂದು ಸ್ಪಂಜು ಅಂಟಿಸಿದ್ದಾರೆ. ಕಿಟಕಿ ಇಲ್ಲ. ಒಂದು ಮೇಜು, ಮೇಜಿನ ಮೇಲೊಂದು ಯಂತ್ರ, ಎರಡು ಕುರ್ಚಿ, ಮೂಲೆಯಲ್ಲಿ ಕೈ ತೊಳೆಯುವ ಸಿಂಕು. ಬಾಗಿಲು ಹಾಕಿಕೊಂಡರೆ ಹೊರಗಿನ ಸದ್ದೆಲ್ಲ ನಿಂತುಹೋಗಿ, ನಮ್ಮ ಉಸಿರೇ ನಮಗೆ ಜೋರಾಗಿ ಕೇಳತೊಡಗುತ್ತದೆ. ಪರೀಕ್ಷೆ ನಡೆಯುವಾಗ ಫ್ಯಾನು ಕೂಡ ಹಾಕುವಂತಿಲ್ಲ. ಹದಿನಾಲ್ಕು ವರ್ಷದಿಂದ ಆ ಕೋಣೆಯಲ್ಲಿ ಕೂತು ಹಸುಗೂಸುಗಳ ಕಿವಿ ಕೇಳುತ್ತದೋ ಇಲ್ಲವೋ ನೋಡುತ್ತಿರುವ ಹೆಂಗಸಿಗೆ ಆಸ್ಪತ್ರೆಯಲ್ಲಿ ಎಲ್ಲರೂ ಕಿವಿ ಅಕ್ಕ ಅನ್ನುತ್ತಾರೆ. ನನ್ನ ಎರಡನೆಯ ಮಗಳ ದೆಸೆಯಿಂದ ನನಗೆ ಅವರ ಪರಿಚಯವಾಯಿತು. ಆ ದಿನಗಳಲ್ಲಿ ದಿನಚರಿಯಲ್ಲಿ ಗೀಚಿಕೊಂಡದ್ದನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಅವರೇನೂ ಕಿವಿಯ ಕೆಲಸ ಮಾಡಬೇಕೆಂದು ಬಂದವರಲ್ಲ. ಮೊದಲು ಆಸ್ಪತ್ರೆಯ ಮುಂಭಾಗದ ಕೌಂಟರಿನಲ್ಲಿ ಚೀಟಿ ಬರೆಯುತ್ತಿದ್ದರು. ಅಲ್ಲಿ ರಸ್ತೆ ಕಾಣುವ ದೊಡ್ಡ ಕಿಟಕಿ. ಯಾರೋ ದಾನವಾಗಿ ಕೊಟ್ಟ ಯಂತ್ರವೊಂದು ನಾಲ್ಕು ತಿಂಗಳು ಡಬ್ಬದಲ್ಲೇ ಕೊಳೆಯುತ್ತಿತ್ತು. ಜನ ಕಡಿಮೆಯಿದ್ದ ಒಂದು ಮಧ್ಯಾಹ್ನ ಕಿವಿ ಅಕ್ಕ ಬೇಜಾರಿಗೆ ಅದರ ಕೈಪಿಡಿ ತೆಗೆದು ಓದಿದರು.

“ಓದಿದ್ದು ತಪ್ಪಲ್ಲ, ಓದಿದ್ದೀನಿ ಅಂತ ಬಾಯಿ ಬಿಟ್ಟಿದ್ದು ತಪ್ಪು,” ಎಂದು ನನಗೆ ಹೇಳಿದ್ದರು. “ಮೂರು ವಾರ ತರಬೇತಿಗೆ ಕಳಿಸಿದ್ರು. ವಾಪಸ್ ಬಂದು ನೋಡಿದ್ರೆ ನನ್ನ ಕುರ್ಚಿಯಲ್ಲಿ ಬೇರೆಯವಳು ಕೂತಿದ್ದಳು. ಕಿಟಕಿಯಿಂದ ಆಚೆ ನೋಡ್ಕೊಂಡು ಕಡಲೆಕಾಯಿ ತಿಂತಿದ್ದಳು.”

ಕೌಂಟರಿಗೆ ವಾಪಸ್ ಹಾಕಿ ಎಂದು ಅವರು ಮೂರು ಸಲ ಅರ್ಜಿ ಕೊಟ್ಟಿದ್ದಾರೆ. ಪ್ರತಿ ಸಲವೂ, ನಿಮ್ಮ ಕೆಲಸ ಕಲಿತ ಇನ್ನೊಬ್ಬರು ಸಿಕ್ಕ ಕೂಡಲೇ ಬಿಡುತ್ತೇವೆ ಎಂಬ ಉತ್ತರ. ಇಬ್ಬರಿಗೆ ಅವರೇ ಕೈ ಹಿಡಿದು ಕಲಿಸಿದರು. ಕಲಿತವರು ಆ ಕೋಣೆಯನ್ನು ಕಂಡು ಬೇರೆ ಆಸ್ಪತ್ರೆ ಹುಡುಕಿಕೊಂಡು ಹೋದರು. ಮನೆಯಲ್ಲಿ ಅವರ ಅತ್ತೆಗೆ ಎರಡೂ ಕಿವಿ ಮಂದ, ಆದರೆ ಪರೀಕ್ಷೆಗೆ ಮಾತ್ರ ಸುತರಾಂ ಒಪ್ಪುವುದಿಲ್ಲ. ‘ನನ್ನ ಕಿವಿ ಸರಿಯಾಗೇ ಇದೆ, ನೀನೇ ಗೊಣಗೋದು ಕಲಿತಿದ್ದೀಯ’ ಎಂದು ಸೊಸೆಯನ್ನೇ ಬೈಯುತ್ತಾರಂತೆ. “ಹಗಲೆಲ್ಲ ಪಿಸುಮಾತು, ಸಂಜೆಯಿಂದ ಕೂಗಾಟ. ನನ್ನ ಗಂಟಲಿಗೆ ಎರಡು ಡ್ಯೂಟಿ,” ಅನ್ನುತ್ತಾರೆ ಕಿವಿ ಅಕ್ಕ.

ನನ್ನ ಚಿಕ್ಕವಳು ಹುಟ್ಟಿದ್ದು ಒಂದು ಭಾನುವಾರ ಬೆಳಿಗ್ಗೆ. ತೂಕ ಸ್ವಲ್ಪ ಕಡಿಮೆ ಅನ್ನುವುದು ಬಿಟ್ಟರೆ ಕೈಕಾಲು, ಅಳು, ಬಣ್ಣ ಎಲ್ಲ ಸರಿ. ಮಂಗಳವಾರ ಕಿವಿ ಅಕ್ಕ ವಾರ್ಡಿನ ಬಾಗಿಲಲ್ಲಿ ನಿಂತು ದಿನವೂ ಹೇಳುವ ಮಾತು ಹೇಳಿದರು. “ಹಾಲು ಕುಡಿಸಿ, ಮಲಗಿಸಿ, ಆಮೇಲೆ ಕರ್ಕೊಂಡು ಬನ್ನಿ. ಹಸಿದ ಮಗು ಅಳತ್ತೆ, ಅಳೋ ಮಗು ನನ್ನ ಯಂತ್ರಕ್ಕೆ ಆಗಲ್ಲ.” ಮಗು ಹೊಟ್ಟೆ ತುಂಬಿ ನಿದ್ದೆ ಹೋಗಿದ್ದರೆ ಮಾತ್ರ ಆ ಪರೀಕ್ಷೆ ಸಾಧ್ಯ. ಕಿವಿಯೊಳಗೆ ಅಕ್ಕಿಕಾಳಿನಷ್ಟು ತುದಿಯ ರಬ್ಬರು ಇಟ್ಟು ಸಣ್ಣಗೆ ಟಕಟಕ ಸದ್ದು ಬಿಡುತ್ತಾರೆ. ಆರೋಗ್ಯವಾಗಿರುವ ಒಳಕಿವಿ ಆ ಸದ್ದಿಗೆ ತಾನೂ ಒಂದು ಪ್ರತಿಧ್ವನಿ ಕೊಡುತ್ತದಂತೆ, ಯಂತ್ರ ಅದನ್ನು ಹಿಡಿಯುತ್ತದೆ. ಬಲಗಿವಿಗೆ ಹಸಿರು ದೀಪ ಬಂತು. ಎಡಗಿವಿಗೆ ಬರಲಿಲ್ಲ.

“ಫೇಲಾ?” ಎಂದೆ.

“ಎರಡು ದಿನದ ಮಗೂಗೆ ಯಾರಮ್ಮ ಪರೀಕ್ಷೆಯಲ್ಲಿ ಫೇಲ್ ಮಾಡ್ತಾರೆ. ರೆಫರ್ ಅಂತಾರೆ ಇದನ್ನ, ಇನ್ನೊಂದ್ಸಲ ನೋಡ್ಬೇಕು ಅಂತ ಅರ್ಥ. ಕಿವೀಲಿ ಹೊಟ್ಟೆಯೊಳಗಿನ ನೀರು ಉಳ್ಕೊಂಡಿರತ್ತೆ, ಬಹಳ ಮಕ್ಕಳಿಗೆ ಹೀಗಾಗತ್ತೆ. ಮುಂದಿನ ವಾರ ಗುರುವಾರ ಬನ್ನಿ.”

ಆ ಗುರುವಾರಕ್ಕೆ ಮಗುವಿಗೆ ಹನ್ನೊಂದು ದಿನ. ಕಾರಿಡಾರಿನ ಬೆಂಚಿನಲ್ಲಿ ಕೂತು ಹಾಲು ಕುಡಿಸಿ, ನಿದ್ದೆ ಹತ್ತಿದ ಮಗುವನ್ನು ಒಳಗೆ ಒಯ್ದೆ. ಈ ಸಲ ಹಣೆಗೆ, ಕಿವಿಯ ಹಿಂದಕ್ಕೆ ಸ್ಟಿಕ್ಕರು ಅಂಟಿಸಿ, ಸದ್ದು ಮಿದುಳಿನವರೆಗೆ ಹೋಗುತ್ತದೋ ನೋಡುವ ಪರೀಕ್ಷೆ. ಇಪ್ಪತ್ತು ನಿಮಿಷ ಮೂವರೂ ಅಲ್ಲಾಡದೆ ಇದ್ದೆವು. ನನ್ನ ಬೆನ್ನಿನ ಮೇಲೆ ಬೆವರು ಇಳಿಯುತ್ತಿದ್ದುದು ನೆನಪಿದೆ. ಎಡಗಿವಿ ಮತ್ತೆ ರೆಫರ್.

ಕಿವಿ ಅಕ್ಕ ಸ್ಟಿಕ್ಕರುಗಳನ್ನು ಒಂದೊಂದಾಗಿ ಬಿಡಿಸಿದರು. ಆಮೇಲೆ ಡ್ರಾಯರಿನಿಂದ ಹತ್ತಿ ಸುತ್ತಿದ ಕಡ್ಡಿ ತೆಗೆದು, ನಿದ್ದೆಯಲ್ಲಿದ್ದ ಮಗುವಿನ ಕೆನ್ನೆಯ ಒಳಗೆ ಮೆಲ್ಲಗೆ ಒತ್ತಿ ಹಿಡಿದು ಒಂದು ಸಣ್ಣ ಕೊಳವೆಗೆ ಹಾಕಿದರು.

“ಇದೇನು?”

“ಜೊಲ್ಲು. ಸಿಎಂವಿ ಅಂತ ಒಂದು ವೈರಸ್ ಇದೆ. ದೊಡ್ಡವರಿಗೆ ಬಂದ್ರೆ ನೆಗಡಿಯಷ್ಟೂ ಕಾಟ ಕೊಡಲ್ಲ, ಬಂದಿದ್ದೇ ಗೊತ್ತಾಗಲ್ಲ. ಬಸುರಿಗೆ ಬಂದು ಹೊಟ್ಟೆಯೊಳಗಿನ ಮಗೂಗೆ ದಾಟಿದ್ರೆ ಮಾತ್ರ ಕೆಲವು ಮಕ್ಕಳಿಗೆ ಕಿವಿ ಕೆಡಿಸತ್ತೆ. ಇರತ್ತೆ ಅಂತಲ್ಲ. ಇಲ್ಲ ಅಂತ ಗೊತ್ತಾಗಲಿ ಅಂತ.” ಚೀಟಿಯ ಮೇಲೆ ತಾರೀಕಿನ ಜೊತೆ ದೊಡ್ಡದಾಗಿ ‘11ನೇ ದಿನ’ ಎಂದು ಬರೆದರು. “ಇದನ್ನ ಹುಟ್ಟಿದ ಇಪ್ಪತ್ತೊಂದು ದಿನದೊಳಗೆ ತೆಗೀಬೇಕು. ಅಷ್ಟರೊಳಗೆ ಸಿಕ್ಕಿದ್ರೆ ಹೊಟ್ಟೆಯಲ್ಲಿರುವಾಗಲೇ ಬಂದಿದ್ದು ಅಂತ ಅರ್ಥ. ಆಮೇಲೆ ಸಿಕ್ಕಿದ್ರೆ ಹುಟ್ಟಿದ ಮೇಲೆ ಎಲ್ಲಿಂದಲೋ ಅಂಟಿರಬಹುದು, ಯಾರಿಗೂ ಹೇಳೋಕಾಗಲ್ಲ.”

ಆಸ್ಪತ್ರೆಯ ಹಳೆಯ ಕ್ರಮದಂತೆ ಎರಡನೇ ಸಲ ರೆಫರ್ ಆದವರನ್ನು ಆರು ವಾರ ಬಿಟ್ಟು ಬರಹೇಳಬೇಕಿತ್ತು. ಇಲ್ಲೇ ಜೊಲ್ಲು ತೆಗೆದು ಕಳಿಸುವ ಹೊಸ ಪದ್ಧತಿಯನ್ನು ಮಕ್ಕಳ ಡಾಕ್ಟರ ಬೆನ್ನು ಬಿದ್ದು ಒಪ್ಪಿಸಿದವರು ಕಿವಿ ಅಕ್ಕನೇ. ನನ್ನ ಮಗಳಿಗಿಂತ ಮುಂಚೆ ಇಬ್ಬರು ಮಕ್ಕಳಿಗೆ ಮಾಡಿದ್ದರು, ಎರಡೂ ನೆಗೆಟಿವ್. ಬಾಣಂತಿಯರು ಒಮ್ಮೆ ಮನೆಗೆ ಹೋದರೆ ಮತ್ತೆ ಬರುವುದು ಕಷ್ಟ, ಆದ್ದರಿಂದ ಕಿವಿಯ ಪರೀಕ್ಷೆ ಮುಗಿದ ಕೂತಲ್ಲೇ ಜೊಲ್ಲನ್ನೂ ತೆಗೆದುಬಿಡುವುದು ಅವರ ಲೆಕ್ಕ.

ಮುಂದಿನ ವಾರ ಶುಕ್ರವಾರ ಫೋನು ಬಂತು. ಅಂದಿಗೆ ಹತ್ತೊಂಬತ್ತನೇ ದಿನ. ನಾನೂ ನನ್ನ ಗಂಡನೂ ಮಗುವನ್ನು ಎತ್ತಿಕೊಂಡು ಹೋದೆವು. ಮಕ್ಕಳ ಡಾಕ್ಟರ ಮೇಜಿನ ಮೇಲೆ ವರದಿ ಇತ್ತು. ಕಿವಿ ಅಕ್ಕ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದರು.

“ಸಿಎಂವಿ ಪಾಸಿಟಿವ್ ಅಂತ ಬಂದಿದೆ,” ಎಂದರು ಡಾಕ್ಟರು. “ಆದರೆ ಇದನ್ನ ಎಷ್ಟು ನಂಬಬೇಕು ಅಂತ ಯೋಚಿಸ್ತಿದ್ದೀನಿ. ಜೊಲ್ಲು ತೆಗೆಯೋ ಮುಂಚೆ ಮಗು ಯಾವಾಗ ಹಾಲು ಕುಡಿದಿತ್ತು?”

ನನಗೆ ತಕ್ಷಣ ನೆನಪಾಗಲಿಲ್ಲ. ಎರಡು ಗಂಟೆ ಆಗಿತ್ತು ಎಂದು ಯಾರಾದರೂ ಹೇಳಿದ್ದರೆ ನಾನು ಹೂಂ ಎಂದುಬಿಡುತ್ತಿದ್ದೆ.

“ಮುಕ್ಕಾಲು ಗಂಟೇನೂ ಆಗಿರಲಿಲ್ಲ,” ಎಂದರು ಕಿವಿ ಅಕ್ಕ. “ನಾನೇ ಕುಡಿಸ್ಕೊಂಡು ಬನ್ನಿ ಅಂದಿದ್ದೆ.”

“ಕುಡಿಸಿ ಒಂದೂವರೆ ಗಂಟೆಯಾದ್ರೂ ಬಿಡಬೇಕು ಅಂತ ಕಾಗದದಲ್ಲಿ ಬರೆದು ಕೊಟ್ಟಿದ್ದೆನಲ್ಲ.”

“ಬರೆದಿದ್ರಿ. ಕಿವಿ ಪರೀಕ್ಷೆಗೆ ಕುಡಿಸ್ಲೇಬೇಕು, ಜೊಲ್ಲಿನ ಪರೀಕ್ಷೆಗೆ ಕುಡಿಸ್ಬಾರದು. ಹದಿನಾಲ್ಕು ವರ್ಷದ ಅಭ್ಯಾಸ, ಬಾಯಿಗೆ ಅದೇ ಮಾತು ಬಂತು. ಎರಡನ್ನೂ ಒಂದೇ ಸಲ ಮುಗಿಸಿದೆ. ತಪ್ಪು ನನ್ನದು.”

ಡಾಕ್ಟರು ನಮಗೆ ಬಿಡಿಸಿ ಹೇಳಿದರು. ಒಮ್ಮೆ ಸಿಎಂವಿ ಬಂದ ತಾಯಿಯ ಹಾಲಿನಲ್ಲೂ ಆ ವೈರಸ್ ಇಳಿಯುತ್ತದೆ. ದಿನ ತುಂಬಿ ಹುಟ್ಟಿದ ಮಗುವಿಗೆ ಅದರಿಂದ ತೊಂದರೆಯಿಲ್ಲ, ಕುಡಿಸುತ್ತಲೇ ಇರಬೇಕು. ಆದರೆ ಮಗುವಿನ ಬಾಯಲ್ಲಿ ಹಾಲಿನ ಪಸೆ ಇದ್ದರೆ ಪರೀಕ್ಷೆ ಹಿಡಿದದ್ದು ಹಾಲಿನದೋ ಮಗುವಿನದೋ ತಿಳಿಯುವುದಿಲ್ಲ. ಮೊದಲಿಬ್ಬರು ಮಕ್ಕಳದು ನೆಗೆಟಿವ್ ಬಂದಿದ್ದರಿಂದ ಈ ತಪ್ಪು ಬೆಳಕಿಗೆ ಬಂದಿರಲಿಲ್ಲ. ನಿಜವಾಗಿಯೂ ಮಗುವಿನದೇ ಆದರೆ ಔಷಧಿ ಇದೆ, ಒಂದು ತಿಂಗಳೊಳಗೆ ಶುರು ಮಾಡಬೇಕು. ಹೋದ ಕಿವಿ ವಾಪಸ್ ಬರುತ್ತದೆಂದು ಹೇಳಲಾಗದು, ಆದರೆ ಉಳಿದಿರುವ ಬಲಗಿವಿಯನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಅದು ಬಿಳಿ ರಕ್ತಕಣಗಳನ್ನು ಇಳಿಸುವ ಔಷಧಿ, ಆರು ತಿಂಗಳು ಕೊಡಬೇಕು. ಅನುಮಾನದ ಮೇಲೆ ಕೊಡುವಂಥದ್ದಲ್ಲ.

“ಹಾಗಾದ್ರೆ?” ಎಂದರು ಇವರು.

“ಮೂತ್ರ. ಅದರಲ್ಲಿ ಹಾಲಿನ ತಕರಾರಿಲ್ಲ. ಭಾನುವಾರಕ್ಕೆ ಇಪ್ಪತ್ತೊಂದು ದಿನ ಮುಗಿಯತ್ತೆ, ಅಷ್ಟರೊಳಗೆ ಹಿಡಿದು ಫ್ರಿಜ್ಜಲ್ಲಿ ಇಟ್ಟರೆ ಸಾಕು, ಲ್ಯಾಬಿಗೆ ಸೋಮವಾರ ಹೋದರೂ ಪರವಾಗಿಲ್ಲ. ನಾನು ಇವತ್ತು ಸಂಜೆ ಊರಿಗೆ ಹೋಗ್ತಿದ್ದೀನಿ, ಬರೋದು ಸೋಮವಾರ. ದಿನಕ್ಕೆ ಹತ್ತು ಸಲ ಮಾಡೋ ಮಗು, ಸಿಗದೆ ಎಲ್ಲಿ ಹೋಗತ್ತೆ.”

ಅಂಟಿಸುವ ನಾಲ್ಕು ಪ್ಲಾಸ್ಟಿಕ್ ಚೀಲ ಕೊಟ್ಟು ಕಳಿಸಿದರು. ಹೆಣ್ಣು ಮಗುವಿಗೆ ಆ ಚೀಲ ಅಂಟಿಸಿ ನೋಡಿದವರಿಗೆ ಮಾತ್ರ ಗೊತ್ತು ಅದು ಏನೆಂದು. ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು, ವಕ್ರವಾದದ್ದಕ್ಕೆ ಚಪ್ಪಟೆಯಾದದ್ದನ್ನು ಕೂರಿಸುವುದೇ ನನ್ನ ಕಸುಬು. ಆದರೂ ಮೊದಲನೇ ಚೀಲ ಪಕ್ಕದಿಂದ ಸೋರಿತು. ಎರಡನೆಯದನ್ನು ಇವರು ಹಾಲು ಉಕ್ಕುವುದನ್ನು ಕಾಯುವ ಹಾಗೆ ಎದುರಿಗೇ ಕೂತು ಕಾದರು. ಬಾಗಿಲು ಬಡಿದ ಸದ್ದಾಯಿತೆಂದು ಎದ್ದು ಹೋಗಿ ಬರುವಷ್ಟರಲ್ಲಿ ಕೆಳಗಿನ ಬಟ್ಟೆ ಒದ್ದೆ, ಚೀಲ ಒಣ.

“ಉಚ್ಚೆ ಹಿಡಿಯೋಕೆ ಮನೆಮಂದಿಯೆಲ್ಲ ರಜಾ ಹಾಕಿ ಕೂತಿದ್ದೀರಲ್ಲ,” ಎಂದರು ನಮ್ಮತ್ತೆ. ತಾವೂ ಮಗುವಿನ ಕಾಲ ಹತ್ತಿರದಿಂದ ಕದಲಲಿಲ್ಲ.

ಮೂರನೆಯದರಲ್ಲಿ ಶನಿವಾರ ಸಂಜೆ ಎರಡು ಚಮಚದಷ್ಟು ಸಿಕ್ಕಿತು, ಆದರೆ ಮಲವೂ ಸೇರಿ ಕೆಟ್ಟಿತ್ತು. ನಾಲ್ಕನೆಯದನ್ನು ಅಂಟಿಸಲು ಜಾಗವೇ ಇರಲಿಲ್ಲ, ಚರ್ಮ ಕೆಂಪಗೆ ಸುಲಿದಿತ್ತು. ಎರಡೂವರೆ ವರ್ಷದ ದೊಡ್ಡವಳು ಬಂದು ತಂಗಿಯ ಕೆನ್ನೆಗೆ ಮುತ್ತು ಕೊಡಲು ಬಗ್ಗಿದಾಗ ನಾನು ಅವಳ ಭುಜ ಹಿಡಿದು ಹಿಂದಕ್ಕೆ ಎಳೆದುಬಿಟ್ಟೆ. ಯಾಕೆಂದು ಅವಳಿಗೆ ತಿಳಿಯಲಿಲ್ಲ. ನನಗೆ ತಿಳಿದಿತ್ತು. ಶಿಶುಪಾಲನಾ ಕೇಂದ್ರಕ್ಕೆ ಹೋಗುವ ಚಿಕ್ಕ ಮಕ್ಕಳ ಜೊಲ್ಲು, ಮೂತ್ರದಿಂದಲೇ ಬಸುರಿಯರಿಗೆ ಇದು ಹೆಚ್ಚಾಗಿ ಅಂಟುವುದು ಎಂದು ಡಾಕ್ಟರು ಹೇಳಿದ್ದರು. ಆ ಒಂಬತ್ತು ತಿಂಗಳೂ, ಅಂಥದೇ ಕೇಂದ್ರಕ್ಕೆ ಹೋಗುತ್ತಿದ್ದ ದೊಡ್ಡವಳು ಬಿಟ್ಟ ತುತ್ತನ್ನು ನಾನೇ ತಿಂದಿದ್ದೆ. ಅವಳ ಚಮಚವನ್ನು ನೆಕ್ಕಿ ಬಿಸಿ ನೋಡಿದ್ದೆ. ಆ ದಿನದ ಪುಟದಲ್ಲಿ ಒಂದೇ ಸಾಲಿದೆ: ‘ಚಮಚ ಬೇರೆ ಇಟ್ಟಿದ್ದರೆ.’ ಅದರ ಕೆಳಗೆ ಏನೂ ಬರೆದಿಲ್ಲ.

ಭಾನುವಾರ ಬೆಳಿಗ್ಗೆ ಆಸ್ಪತ್ರೆಗೆ ಫೋನು ಮಾಡಿದೆ. ನಳಿಕೆ ಹಾಕಿ ಮೂತ್ರ ತೆಗೆಯಿರಿ ಎಂದು ಬೇಡಿಕೊಂಡೆ. ಡ್ಯೂಟಿಯಲ್ಲಿದ್ದ ನರ್ಸು, ಡಾಕ್ಟರು ಬರೆದಿಲ್ಲ, ನಾನು ಹಾಕಲ್ಲ ಎಂದರು. ಅವರ ಮಾತೂ ಸರಿಯೇ. ಕಿವಿ ಅಕ್ಕನ ನಂಬರು ಚೀಟಿಯ ಹಿಂದೆ ಇತ್ತು. ಅವರಿಗೆ ಅಂದು ರಜೆ. ಹಿಂದುಗಡೆ ಅವರ ಅತ್ತೆಯ ಟೀವಿಯ ಅಬ್ಬರ ಕೇಳುತ್ತಿತ್ತು.

“ಚೀಲ ಬಿಸಾಕಿ,” ಎಂದರು ಕೂಗಿ. “ಮಗೂನ ಎತ್ಕೊಂಡು ಬನ್ನಿ. ಕೋಣೆ ಬೀಗದಕೈ ನನ್ನ ಹತ್ರ ಇದೆ.”

ಹತ್ತೂವರೆಗೆ ಆ ಕೋಣೆಯಲ್ಲಿ ಸೇರಿದೆವು. ಇವರು ಹೊರಗೆ ಬೆಂಚಿನಲ್ಲಿ ಕೂತರು, ಒಳಗೆ ನಾವಿಬ್ಬರು ಮತ್ತು ಮಗು. ಬೇರೆ ಕಡೆ ಮಾಡಬಹುದಿತ್ತೋ ಏನೋ, ಆದರೆ ಸಿಂಕು, ಮೇಜು ಎರಡೂ ಇದ್ದ ಖಾಲಿ ಕೋಣೆ ಅದೊಂದೇ. ಮಗುವಿನ ಬಟ್ಟೆ ಬಿಚ್ಚಬೇಕಿದ್ದರಿಂದ ಅಂದೂ ಫ್ಯಾನು ಹಾಕಲಿಲ್ಲ. ಮೊದಲು ಹೊಟ್ಟೆ ತುಂಬ ಹಾಲು ಕುಡಿಸಲು ಹೇಳಿದರು. ಇಪ್ಪತ್ತು ನಿಮಿಷ ಬಿಟ್ಟು ಸಾಬೂನಿನಿಂದ ತೊಳೆದು ಒರೆಸಿದರು. ನಾನು ಮಗುವಿನ ಕಂಕುಳಿಗೆ ಕೈ ಕೊಟ್ಟು ಹಿಡಿದುಕೊಂಡೆ. ಅವರು ಒಂದು ಕೈಯಲ್ಲಿ ಮುಚ್ಚಳ ತೆಗೆದ ಡಬ್ಬಿ ಹಿಡಿದು, ಇನ್ನೊಂದು ಕೈಯಲ್ಲಿ ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಮಗುವಿನ ಕಿಬ್ಬೊಟ್ಟೆಯನ್ನು ಸುತ್ತ ಸುತ್ತ ಸವರತೊಡಗಿದರು. ತಣ್ಣಗಾದರೆ ಮಾಡುತ್ತವಂತೆ. ಐದು ನಿಮಿಷ ಸವರುವುದು, ಮಗು ಅತ್ತರೆ ನಿಲ್ಲಿಸುವುದು, ಹೊದಿಸಿ ಬೆಚ್ಚಗೆ ಮಾಡುವುದು, ಮತ್ತೆ ಸವರುವುದು.

ಮೊದಲನೇ ಸಲ ಬಟ್ಟೆ ಅದ್ದಲು ಅವರು ಸಿಂಕಿನ ಕಡೆ ತಿರುಗಿದ ಕ್ಷಣಕ್ಕೇ ಮಗು ಮಾಡಿತು. ನನ್ನ ಸೀರೆಯ ನೆರಿಗೆಯ ಮೇಲೆಲ್ಲ ಚೆಲ್ಲಿತು.

“ಅಷ್ಟು ಹೊತ್ತಿಂದ ಕಾಯ್ಕೊಂಡಿದ್ದೆಯಾ, ನಾನು ತಿರುಗಲಿ ಅಂತ?” ಎಂದು ಅವಳನ್ನು ಕೇಳಿದರು. ಆಮೇಲೆ ಡಬ್ಬಿ ಕೆಳಗಿಟ್ಟು ಕುರ್ಚಿಯಲ್ಲಿ ಕೂತರು.

ಮತ್ತೆ ಕುಡಿಸಿ, ಮತ್ತೆ ಕಾಯಬೇಕಿತ್ತು. ಮುಚ್ಚಿದ ಬಾಗಿಲ ಹಿಂದೆ ಗಂಟೆ ಎಷ್ಟಾಯಿತೆಂದು ತಿಳಿಯುತ್ತಿರಲಿಲ್ಲ. ಯಂತ್ರದ ಮೂಲೆಯ ಗಡಿಯಾರದ ಅಂಕಿಯೇ ಗತಿ, ಅದನ್ನು ನೋಡಲೂ ಭಯ, ನೋಡದೆ ಇರಲೂ ಆಗುತ್ತಿರಲಿಲ್ಲ. ಆಗ ಅವರು ಹೇಳಿದ ಸಂಗತಿಯಿಂದ ನನಗೆ ಅವರ ಹಟದ ಮೂಲ ತಿಳಿಯಿತು.

ಎರಡು ವರ್ಷದ ಹಿಂದೆ ಒಂದು ಮಗುವಿನ ಎಡಗಿವಿಗೆ ಎರಡು ಸಲ ರೆಫರ್ ಬಂತು. ಕ್ರಮದಂತೆ ಆರು ವಾರ ಬಿಟ್ಟು ಬರಹೇಳಿದರು. ಅಪ್ಪ ಅಮ್ಮ ಹೇಳಿದ ದಿನಕ್ಕೆ ಸರಿಯಾಗಿ ಬಂದರು. ಆಗ ಸಿಎಂವಿ ಪರೀಕ್ಷೆ ಮಾಡಿದರೆ ಪಾಸಿಟಿವ್. ಆದರೆ ಆರು ವಾರದ ಮಗುವಿನಲ್ಲಿ ಸಿಕ್ಕಿದ್ದಕ್ಕೆ ಬೆಲೆ ಇಲ್ಲ. ಹುಟ್ಟುವಾಗಲೇ ವೈರಸ್ ಇತ್ತೋ ನೋಡಲು, ಆಗ ಹಿಮ್ಮಡಿಯಿಂದ ತೆಗೆದ ರಕ್ತದ ಚುಕ್ಕೆಯ ಕಾಗದವನ್ನು ಹುಡುಕಿದರು, ಅದೂ ಸಿಗಲಿಲ್ಲ. ಔಷಧಿ ಕೊಡಲಿಲ್ಲ. ಒಂದೂವರೆ ವರ್ಷಕ್ಕೆ ಇನ್ನೊಂದು ಕಿವಿಯೂ ಹೋಯಿತು.

“ಬಲಗಿವಿಗೆ ಮೂರು ಸಲ ನಾನೇ ಪಾಸ್ ಅಂತ ಬರೆದಿದ್ದೆ,” ಎಂದರು. “ನಾಲ್ಕನೇ ಸಲ ಅವರಮ್ಮ ಕೇಳಿದ್ರು, ಇಷ್ಟು ದಿನ ಪಾಸಾಗ್ತಿದ್ದವನು ಈಗ ಯಾಕೆ ಹೀಗೆ ಅಂತ. ಏನು ಹೇಳಲಿ? ಯಾರೂ ತಪ್ಪು ಮಾಡಿರಲಿಲ್ಲ. ಎಲ್ಲರೂ ಕ್ರಮ ಪಾಲಿಸಿದ್ವಿ. ಆಮೇಲೆ ನಾನು ಸುಮ್ಮನಿರದೆ ಕ್ರಮ ಬದಲಾಯಿಸಿದೆ. ನೋಡಿ, ಬದಲಾಯಿಸಿದವಳೇ ತಪ್ಪು ಮಾಡಿದೆ.”

ನನಗೆ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಅವರಿಗೆ ಅದು ಕಂಡಿರಬೇಕು.

“ನೀವು ದೂರು ಕೊಡಬಹುದು. ಅರ್ಜಿ ಬರೆಯೋದು ಕಷ್ಟ ಆದ್ರೆ ನಾನೇ ಬರೆದುಕೊಡ್ತೀನಿ. ಅರ್ಜಿ ಬರೆದು ಬರೆದು ನನ್ನ ಕೈ ಪಳಗಿದೆ.”

ನಗು ಬಂದುಬಿಟ್ಟಿತು. ನಕ್ಕ ಮೇಲೆ ತಡೆಯಲಾಗದೆ ಚಮಚದ ವಿಷಯ ಹೇಳಿದೆ. ಬಿಟ್ಟ ತುತ್ತು, ನೆಕ್ಕಿದ ಚಮಚ, ದೊಡ್ಡವಳ ಮೂಗು ಒರೆಸಿ ತೊಳೆಯದ ಕೈ, ಎಲ್ಲ. ಅವರು ಕೊನೆಯವರೆಗೂ ಕೇಳಿದರು.

“ಇದೊಂದಿದೆ, ಹುಷಾರಾಗಿರು ಅಂತ ಬಸುರಿಯಾಗಿದ್ದಾಗ ಯಾರಾದ್ರೂ ಹೇಳಿದ್ರಾ?”

“ಇಲ್ಲ.”

“ಕರಪತ್ರ ಕೊಟ್ರಾ? ಗೋಡೆ ಮೇಲೆ ಎಲ್ಲಾದ್ರೂ ಓದಿದ್ರಾ?”

“ಇಲ್ಲ.”

“ಮತ್ತೆ ನಿಮಗೇನು ಕನಸು ಬೀಳಬೇಕಿತ್ತಾ? ನನಗೆ ಕಾಗದದಲ್ಲಿ ಬರೆದು ಕೊಟ್ಟಿದ್ರು. ನಿಮ್ಮದನ್ನ ನನ್ನದರ ಪಕ್ಕದಲ್ಲಿ ಇಡಬೇಡಿ. ಏಳಿ, ಹಿಡ್ಕೊಳ್ಳಿ ಅವಳನ್ನ.”

ಎರಡನೇ ಸಲ ಏನೂ ಬರಲಿಲ್ಲ. ಇವರು ಬಾಗಿಲು ತಟ್ಟಿ, ಊಟ ತರಲಾ ಎಂದು ಕೇಳಿದರು. ಬೇಡ ಎಂದೆವು. ನನ್ನ ಹೆರಿಗೆಯ ಹೊಲಿಗೆ ಎಳೆಯುತ್ತಿತ್ತು, ಕೂರಲೂ ನಿಲ್ಲಲೂ ಆಗದ ನೋವು. ಸ್ಪಂಜಿನ ಗೋಡೆಗಳು ನಾಲ್ಕು ಕಡೆಯಿಂದಲೂ ಹತ್ತಿರ ಬಂದ ಹಾಗೆ ಅನಿಸುತ್ತಿತ್ತು. ಬಾಗಿಲು ಸ್ವಲ್ಪ ತೆಗೆಯೋಣವಾ ಎಂದು ಕೇಳಿದೆ. ಗಾಳಿ ಬಂದರೆ ಮಗುವಿಗೆ ಶೀತ ಎಂದರು. ಈ ಹೆಂಗಸು ಇದರೊಳಗೆ ಹದಿನಾಲ್ಕು ವರ್ಷ ಹೇಗೆ ಕಳೆದರು ಎಂದು ಅವತ್ತು ಮೊದಲ ಸಲ ಯೋಚಿಸಿದೆ.

ಮೂರನೇ ಸಲ, ಸವರಲು ಶುರು ಮಾಡಿ ಎರಡು ನಿಮಿಷವಾಗಿರಲಿಲ್ಲ, ಮಗು ಮುಖ ಕಿವುಚಿತು. ಕಿವಿ ಅಕ್ಕ ಬಟ್ಟೆ ಎಸೆದು ಡಬ್ಬಿಯನ್ನು ಮುಂದೆ ತಂದರು. ಮೊದಲೆರಡು ಹನಿ ಅವರ ಬೆರಳ ಮೇಲೆ, ಉಳಿದದ್ದು ಡಬ್ಬಿಯೊಳಗೆ. ಅದರ ತಳ ಮುಚ್ಚುವಷ್ಟು. ಅವರು ಉಸಿರಾಡದೆ ಮುಚ್ಚಳ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ, ಮೇಜಿನ ಮೇಲಿಟ್ಟು, ಎರಡು ಕೈಯಿಂದಲೂ ಅದನ್ನು ಹಿಡಿದುಕೊಂಡು ಕೂತರು. ಆಮೇಲೆ ಚೀಟಿಯಲ್ಲಿ ತಾರೀಕು ಬರೆದರು. ಮಧ್ಯಾಹ್ನ ಮೂರು ಇಪ್ಪತ್ತು, 21ನೇ ದಿನ. ನನ್ನ ಸಹಿ, ತಮ್ಮ ಸಹಿ, ಸಾಕ್ಷಿಗೆಂದು ಡ್ಯೂಟಿ ನರ್ಸಿನ ಸಹಿಯನ್ನೂ ಹಾಕಿಸಿದರು. “ಇಷ್ಟು ಸಹಿ ನನ್ನ ಮದುವೆ ನೋಂದಣಿಗೂ ಬಿದ್ದಿರಲಿಲ್ಲ,” ಎಂದು ಗೊಣಗುತ್ತ ವಾರ್ಡಿನ ಫ್ರಿಜ್ಜಿನಲ್ಲಿ ಇಟ್ಟು ಬಂದರು.

ಗುರುವಾರ ಉತ್ತರ ಬಂತು: ಪಾಸಿಟಿವ್. ನಾನು ಅಳುತ್ತೇನೆಂದುಕೊಂಡಿದ್ದೆ, ಅಳಲಿಲ್ಲ. ಕಣ್ಣಿನ ಪರೀಕ್ಷೆ, ತಲೆಯ ಸ್ಕ್ಯಾನು ಎರಡೂ ಆದವು, ಅಲ್ಲಿ ತೊಂದರೆ ಕಾಣಲಿಲ್ಲ. ಇಪ್ಪತ್ತಾರನೇ ದಿನ ಔಷಧಿ ಶುರುವಾಯಿತು.

ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ. ಕೈಗೆ ಗ್ಲೌಸು ಹಾಕಿ ಸಿರಿಂಜಿನಲ್ಲಿ ಅಳೆದು ಕೆನ್ನೆಯ ಒಳಗೆ ಬಿಡಬೇಕು. ಒಂದು ಹನಿ ನೆಲಕ್ಕೆ ಬಿದ್ದರೂ ತಕ್ಷಣ ಒರೆಸಿ ತೊಳೆಯಬೇಕು, ಬಸುರಿಯರು ಮುಟ್ಟಲೇಬಾರದು. ಆಗ ನನ್ನ ನಾದಿನಿ ಬಸುರಿ, ಆರು ತಿಂಗಳು ಅವಳು ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಔಷಧಿಯ ವೇಳೆ ತಪ್ಪುತ್ತದೆಂದು ನಾವೂ ಎಲ್ಲಿಗೂ ಹೋಗಲಿಲ್ಲ. ಬೀರುವಿನ ಬಾಗಿಲ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಪ್ರತಿ ಹೊತ್ತಿಗೆ ಒಂದು ಗೀಟು ಎಳೆದೆ. ವಾರಕ್ಕೊಮ್ಮೆ ರಕ್ತ ತೆಗೆಸಬೇಕು. ಬೆರಳಷ್ಟು ದಪ್ಪದ ತೋಳಿನಲ್ಲಿ ನರ ಹುಡುಕುವಾಗ ನಾನು ಗೋಡೆ ನೋಡುತ್ತಿದ್ದೆ, ಇವರು ನನ್ನನ್ನು ನೋಡುತ್ತಿದ್ದರು. ಐದನೇ ವಾರ ಬಿಳಿಕಣ ತೀರ ಇಳಿಯಿತು. ಔಷಧಿ ನಿಲ್ಲಿಸಿದರು. ಆ ಒಂಬತ್ತು ದಿನ ಕೊಡುವುದಕ್ಕೂ ಭಯ, ಕೊಡದೆ ಇರುವುದಕ್ಕೂ ಭಯ. ಮನೆಯಲ್ಲಿ ಯಾರಾದರೂ ಸೀನಿದರೆ ಅತ್ತೆ ಅವರನ್ನು ಬೀದಿಗೆ ಅಟ್ಟುತ್ತಿದ್ದರು. ಕಣ ಏರಿದ ಮೇಲೆ ಮತ್ತೆ ಶುರು ಮಾಡಿದೆವು. ಹೊಸದಾಗಿ ಗೀಟು ಎಳೆಯಬೇಕೋ ಹಳೆಯದಕ್ಕೇ ಸೇರಿಸಬೇಕೋ ಎಂದು ಅರ್ಧ ದಿನ ಯೋಚಿಸಿದ್ದೇನೆ ಎಂದು ದಿನಚರಿ ಹೇಳುತ್ತದೆ.

ಕಿವಿ ಅಕ್ಕ ತಮ್ಮ ತಪ್ಪನ್ನು ತಾವೇ ಬರೆದು ಮೇಲಧಿಕಾರಿಗೆ ಕೊಟ್ಟರು. ನೋಟೀಸು ಬಂತು, ಮಾತು ಕೇಳಬೇಕಾಯಿತು. ಈಗ ಅವರಲ್ಲಿ ಕಿವಿಯ ಪರೀಕ್ಷೆ ಆದ ಮೇಲೆ ಅಮ್ಮಂದಿರು ಒಂದೂವರೆ ಗಂಟೆ ಕಾರಿಡಾರಿನಲ್ಲಿ ಕೂರಬೇಕು, ಆಮೇಲೆ ಜೊಲ್ಲು. ಪಾಸಿಟಿವ್ ಬಂದರೆ ಅದೇ ದಿನ ಮೂತ್ರ. ಕಾಯುವ ಅಮ್ಮಂದಿರು ಅವರನ್ನು ಬೈಯುತ್ತಾರೆ. “ಬೈಯಲಿ. ನನ್ನ ಕೋಣೆಯೊಳಗೆ ಏನೂ ಕೇಳಲ್ಲ,” ಅನ್ನುತ್ತಾರೆ.

ಮೊನ್ನೆ ಆರು ತಿಂಗಳ ಔಷಧಿ ಮುಗಿದು ಪರೀಕ್ಷೆಗೆ ಹೋಗಿದ್ದೆವು. ಚಿಕ್ಕವಳು ಈಗ ದುಂಡಗಾಗಿದ್ದಾಳೆ, ಸ್ಟಿಕ್ಕರು ಕಿತ್ತು ಬಾಯಿಗಿಡುತ್ತಾಳೆ. ಮಲಗಿಸಲು ಮುಕ್ಕಾಲು ಗಂಟೆ ಬೇಕಾಯಿತು. ಬಾಗಿಲು ಮುಚ್ಚಿತು. ಯಂತ್ರದ ತೆರೆಯ ಮೇಲೆ ಎಡಗಿವಿಯ ಗೆರೆ ಮಟ್ಟಸವಾಗಿ ಮಲಗಿತ್ತು, ಎಷ್ಟು ಸದ್ದು ಏರಿಸಿದರೂ ಏಳಲಿಲ್ಲ. ಕಿವಿ ಅಕ್ಕ ಬಲಕ್ಕೆ ತಿರುಗಿಸಿದರು. ಸದ್ದನ್ನು ಒಂದೊಂದು ಮೆಟ್ಟಿಲು ಇಳಿಸುತ್ತ ಹೋದರು. ಗೆರೆ ಪ್ರತಿ ಸಲವೂ ಎದ್ದಿತು. ಪಿಸುಮಾತಿಗಿಂತ ಕೆಳಗೆ ಇಳಿಸಿದಾಗಲೂ ಎದ್ದಿತು. ಅವರು ಒಮ್ಮೆ ನೋಡಿದರು, ನಂಬದೆ ಇನ್ನೊಮ್ಮೆ ಅಷ್ಟನ್ನೂ ಮೊದಲಿನಿಂದ ಮಾಡಿದರು.

“ಬಲ ಚೆನ್ನಾಗಿದೆ. ಸದ್ಯಕ್ಕೆ.”

“ಸದ್ಯಕ್ಕೆ ಅಂದ್ರೆ?”

“ಸದ್ಯಕ್ಕೆ ಅಂದ್ರೆ ಇವತ್ತಿಗೆ. ಇದು ಆಮೇಲೂ ಕೆಡಬಹುದು, ಗೊತ್ತಲ್ಲ ನಿಮಗೆ. ಇನ್ನು ಒಂದು ವರ್ಷದ ತನಕ ಮೂರು ತಿಂಗಳಿಗೊಮ್ಮೆ. ಆಮೇಲೆ ಆರು ತಿಂಗಳಿಗೊಮ್ಮೆ. ಶಾಲೆಗೆ ಹೋಗೋಕೆ ಶುರು ಮಾಡಿದ ಮೇಲೆ ವರ್ಷಕ್ಕೊಮ್ಮೆ, ಆರು ತುಂಬೋವರೆಗೆ.”

“ಅಲ್ಲಿವರೆಗೂ ಇದೇ ಕೋಣೆಗೆ?”

“ಇದೇ ಕೋಣೆಗೆ. ಇನ್ನೇನು ಅರಮನೆ ಕಟ್ಟಿಸ್ತಾರಾ ನಮಗೆ?” ಮುಂದಿನ ತಾರೀಕು ಬರೆಯುತ್ತ ಅಂದರು, “ಕೌಂಟರಿಂದ ಕರೆ ಬಂದಿತ್ತು ಹೋದ ತಿಂಗಳು. ಅಲ್ಲಿನವಳು ರಾಜೀನಾಮೆ ಕೊಟ್ಟಳು, ಬೇಕಿದ್ರೆ ಬನ್ನಿ ಅಂದ್ರು. ಇಲ್ಲಿಗೆ ಯಾರನ್ನ ಹಾಕ್ತೀರ ಅಂತ ಕೇಳಿದೆ. ಸದ್ಯಕ್ಕೆ ಬೀಗ ಹಾಕ್ತೀವಿ ಅಂದ್ರು.”

“ಏನು ಹೇಳಿದ್ರಿ?”

“ಏನು ಹೇಳ್ತಾರೆ. ನನ್ನ ಸರ್ವಿಸ್ ಐದು ವರ್ಷ ಉಳಿದಿದೆ. ಇವಳದ್ದು ಐದೂವರೆ. ಕೊನೆಯ ಒಂದು ಸಲ ನೀವೇ ಹೇಗಾದ್ರೂ ನೋಡ್ಕೊಳ್ಳಿ.”

ನಾನು ಮಗುವನ್ನು ಬಲಗಿವಿ ಮೇಲೆ ಬರುವ ಹಾಗೆ ಹೆಗಲಿಗೆ ಹಾಕಿಕೊಂಡೆ, ಹಾಗೆ ಎತ್ತಿಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಹೊರಗೆ ಬೆಂಚಿನ ಮೇಲೆ ಮೂವರು ಬಾಣಂತಿಯರು ಕೂತಿದ್ದರು. ಒಬ್ಬಳ ಕೈಯಲ್ಲಿದ್ದ ಚೀಟಿಯ ಮೇಲೆ ಆ ದುಂಡು ಅಕ್ಷರದಲ್ಲಿ ‘9ನೇ ದಿನ’ ಎಂದು ಬರೆದಿತ್ತು.

“ಒಳಗೆ ಬಹಳ ಹೊತ್ತಾಗತ್ತಾ?” ಎಂದು ಕೇಳಿದಳು.

ಆಗತ್ತೆ ಎಂದೆ. ಅವಳ ಕೈಚೀಲವನ್ನು ಆಚೆಗೆ ಸರಿಸಿ, ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತೆ.